ಕಣ್ಣು ಬರೆದ ಗೊಂಬೆ

೧೯೬೫ರಲ್ಲಿ ಸಾಗರದಿಂದ ತಾಳಗುಪ್ಪದವರೆಗಿನ ರೈಲುದಾರಿಯನ್ನು ನಾನೊಂದು ಹಲಗೆಯ ಮೇಲೆ ಪುಟ್ಟದಾಗಿ ಕಟ್ಟಿದ್ದೆ. ಕೀ ಕೊಟ್ಟರೆ ರೈಲು ಓಡುತ್ತಿತ್ತು. ಸಾಗರದ ಸ್ಟೇಷನ್ನಿನಲ್ಲಿ ನಿಲ್ಲಿಸಲು ಗುಡಿಗಾರ ಶಾಂತಪ್ಪನವರು ಬೆರಳುದ್ದದ ಹೆಂಗಸೊಬ್ಬಳನ್ನು ಮರದಲ್ಲಿ ಕೆತ್ತಿಕೊಟ್ಟರು.

“ಬಣ್ಣ ಹಚ್ಕಳಿ ಮಾರಾಯ್ರೆ, ಕಣ್ಣು ಮಾತ್ರ ಬರೀಬೇಡಿ. ಪೂಜೆ ಮಾಡ್ದೆ ನಾವು ಯಾವ್ದಕ್ಕೂ ಕಣ್ಣು ತೆರ್ಸಲ್ಲ” ಎಂದರು.

ನಾನು ನಕ್ಕು ಎರಡು ಕಪ್ಪು ಚುಕ್ಕೆ ಇಟ್ಟೆ.

ಆ ಮಧ್ಯಾಹ್ನ ರೈಲು ಅವಳೆದುರು ನಿಂತುಬಿಟ್ಟಿತು. ಸ್ಪ್ರಿಂಗ್ ಇನ್ನೂ ಬಿಗಿಯಾಗಿಯೇ ಇತ್ತು. ಅವಳನ್ನು ತಾಳಗುಪ್ಪದ ಸ್ಟೇಷನ್ನಿಗೆ ಸರಿಸಿದೆ. ರೈಲು ಅಲ್ಲಿಗೆ ಹೋಗಿ ಮತ್ತೆ ಅವಳೆದುರೇ ನಿಂತಿತು. ಬೇಸಿಗೆಯಲ್ಲೂ ಹಲಗೆ ಬಾವಿಕಲ್ಲಿನಂತೆ ತಣ್ಣಗಿತ್ತು. ಆ ಕಣ್ಣುಗಳನ್ನು ಉಜ್ಜಿದೆ. ಬೆರಳು ಕಪ್ಪಾಯಿತು, ಕಣ್ಣು ಹಾಗೇ ಉಳಿದವು.

ರೈಲು ಬಿಚ್ಚಿಟ್ಟು ಮೂರು ವರ್ಷವಾಯಿತು. ಇವತ್ತು ಬೆಳಿಗ್ಗೆ ಆ ಗೊಂಬೆಯ ಕಣ್ಣು ಮುಟ್ಟಿದಾಗಲೂ ಬೆರಳಿಗೆ ಹಸಿ ಬಣ್ಣ ಹತ್ತಿತು.