ಹಾಲಮ್ಮನ ನಿರ್ಧಾರಪಾಲಕಿ

ಇಚ್ಛಾಮಾಪಕದ ಮುಳ್ಳು ಒಮ್ಮೆ ಅದುರಿ, ಎಡಕ್ಕೆ ವಾಲಿ, ತೊಂಬತ್ತೇಳರ ಮೇಲೆ ನಿಂತಿತು. ಎಡಗಡೆ ಎಂದರೆ ನಿರಾಕರಣೆ. ಎಚ್ಚರವಿದ್ದಿದ್ದರೆ ಈ ರೋಗಿ ಶಸ್ತ್ರಚಿಕಿತ್ಸೆಯನ್ನು ಒಲ್ಲೆ ಎನ್ನುತ್ತಿದ್ದಳು, ನೂರಕ್ಕೆ ತೊಂಬತ್ತೇಳು ಪಾಲು ಖಚಿತ ಎಂದು ಅದರ ಅರ್ಥ. ದಾವಣಗೆರೆಯ ದೊಡ್ಡ ಆಸ್ಪತ್ರೆಯೊಂದರ ಮೂರನೆಯ ಮಹಡಿಯಲ್ಲಿ, ಊಟದ ಡಬ್ಬಿಯಷ್ಟು ಗಾತ್ರದ ಆ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ ಪ್ರಫುಲ್ಲಾ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದಳು. ಈ ಕೆಲಸಕ್ಕೆ ಸೇರಿದ ಹನ್ನೊಂದು ವರ್ಷಗಳಲ್ಲಿ ಅವಳು ಇಷ್ಟು ದೊಡ್ಡ ಅಂಕಿಯನ್ನು ಕಂಡಿರಲಿಲ್ಲ.

ಒಳಗೆ ಮಲಗಿದ್ದವಳು ಹಾಲಮ್ಮ, ಎಪ್ಪತ್ತೊಂದು ವರ್ಷದವಳು. ಹಳೆಯ ಗಿರಣಿಯ ಹಿಂದಿನ ಬೀದಿಯಲ್ಲಿ ಮೂವತ್ತು ವರ್ಷಗಳಿಂದ ರೊಟ್ಟಿ ಖಾನಾವಳಿ ನಡೆಸಿಕೊಂಡು ಬಂದವಳು. ಆ ದಿನ ಬೆಳಿಗ್ಗೆ ಹಂಚಿನ ಮುಂದೆಯೇ ಕುಸಿದು ಬಿದ್ದಿದ್ದಳು. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಸಂಜೆ ನಾಲ್ಕು ಗಂಟೆಯೊಳಗೆ ತಲೆ ತೆರೆದರೆ ಬದುಕಿಯಾಳು, ಆದರೆ ಬಲಗೈ ಬಲಗಾಲು ಮೊದಲಿನಂತಾಗುವುದಿಲ್ಲ. ತೆರೆಯದಿದ್ದರೆ ಎರಡು ದಿನ, ನೋವಿಲ್ಲದೆ. ವೈದ್ಯರು ಇಷ್ಟನ್ನು ಹೇಳಿ, ಗೋಡೆಯ ಗಡಿಯಾರ ತೋರಿಸಿ ಹೋಗಿದ್ದರು. ಆಗ ಒಂದೂಕಾಲು ಗಂಟೆ.

ಮನುಷ್ಯನಿಗೆ ಪ್ರಜ್ಞೆ ತಪ್ಪಿದಾಗ ಅವನ ಪರವಾಗಿ ಯಾರು ಮಾತಾಡಬೇಕು? ಒಂದು ಕಾಲದಲ್ಲಿ ಹೆಂಡತಿ ಮಕ್ಕಳು ಮಾತಾಡುತ್ತಿದ್ದರು. ಮಾತಾಡುತ್ತಿದ್ದರು ಎನ್ನುವುದಕ್ಕಿಂತ ಆಸ್ಪತ್ರೆಯ ಮೆಟ್ಟಿಲ ಮೇಲೆ ಜಗಳ ಕಾಯುತ್ತಿದ್ದರು ಎಂದರೆ ಸರಿಹೋದೀತು. ಆ ರಗಳೆಯೇ ಬೇಡವೆಂದು ಸರ್ಕಾರ ಒಂದು ಹೊಸ ವೃತ್ತಿಯನ್ನು ಹುಟ್ಟುಹಾಕಿತು. ಯಾರು ಬೇಕಾದರೂ, ಬುದ್ಧಿ ನೆಟ್ಟಗಿರುವಾಗಲೇ, ತಮಗೊಬ್ಬ ನಿರ್ಧಾರಪಾಲಕನನ್ನು ನೇಮಿಸಿಕೊಳ್ಳಬಹುದು. ಮುಂದೆ ಎಚ್ಚರ ತಪ್ಪಿದರೆ ಯಾವ ಚಿಕಿತ್ಸೆ, ಎಲ್ಲಿ ವಾಸ, ಯಾರ ಆರೈಕೆ ಎಂಬುದನ್ನೆಲ್ಲ ಆ ಪಾಲಕನೇ ತೀರ್ಮಾನಿಸುತ್ತಾನೆ. ಷರತ್ತು ಎರಡೇ. ಪಾಲಕ ಬಂಧುವಾಗಿರಕೂಡದು, ತನ್ನ ಅಭಿಪ್ರಾಯವನ್ನು ನಡುವೆ ತರಕೂಡದು.

ಅಭಿಪ್ರಾಯ ತರದೆ ತೀರ್ಮಾನಿಸುವುದು ಹೇಗೆ? ಅದಕ್ಕೆ ಡಾ. ವಿಶ್ವಂಭರ ಇಚ್ಛಾಮಾಪಕವನ್ನು ಕಂಡುಹಿಡಿದರು. ನೇಮಕವಾದ ದಿನ ಕಿವಿಯ ಹಿಂದೆ ಒಂದು ಸಣ್ಣ ಬಿಲ್ಲೆ ಅಂಟಿಸುತ್ತಾರೆ. ಎರಡು ವರ್ಷ ಅದು ಅಲ್ಲೇ ಕುಳಿತು, ನಿಮ್ಮ ಮುಂದೆ ಯಾರು ಏನನ್ನು ಇಟ್ಟರು, ನೀವು ಬೇಕು ಎಂದಿರೋ ಬೇಡ ಎಂದಿರೋ, ಹೇಳಲು ಎಷ್ಟು ಹೊತ್ತು ತೆಗೆದುಕೊಂಡಿರಿ ಎಂಬುದನ್ನು ಗುರುತುಮಾಡಿಕೊಳ್ಳುತ್ತದೆ. ಕಾಫಿ, ಬಸ್ಸಿನ ಸೀಟು, ಜ್ವರದ ಮಾತ್ರೆ, ಮದುವೆಯ ಕರೆ, ಯಾವುದೂ ಅದಕ್ಕೆ ಕ್ಷುಲ್ಲಕವಲ್ಲ. ಸಾವಿನ ಬಗ್ಗೆ ಮನುಷ್ಯ ಆಡುವ ಮಾತು ಬರೀ ಮಾತು, ಅವನ ನಿಜವಾದ ಮನಸ್ಸು ಸಾವಿರ ಸಣ್ಣ ಆಯ್ಕೆಗಳಲ್ಲಿ ಇರುತ್ತದೆ ಎಂಬುದು ವಿಶ್ವಂಭರರ ವಾದವಾಗಿತ್ತು. ವಾದ ಗೆದ್ದಿತು. ಪ್ರಫುಲ್ಲಾ ಈವರೆಗೆ ನೂರ ನಲವತ್ತು ಜನರಿಗಾಗಿ ಸಹಿ ಹಾಕಿದ್ದಳು, ಒಮ್ಮೆಯೂ ಮುಳ್ಳಿನ ಮಾತು ಮೀರಿರಲಿಲ್ಲ. ಅದು ಅವಳ ಹೆಮ್ಮೆಯಾಗಿತ್ತು.

ಹಾಲಮ್ಮನನ್ನು ಅವಳು ಸರಿಯಾಗಿ ನೋಡಿದ್ದು ಎರಡು ವರ್ಷದ ಹಿಂದೆ, ನೇಮಕದ ದಿನ, ಇಪ್ಪತ್ತು ನಿಮಿಷ. ಮನೆಯಲ್ಲಿ ತಂಗಿ ಇದ್ದಾಳಲ್ಲ, ಹೊರಗಿನವರು ಏಕೆ ಎಂದು ಪ್ರಫುಲ್ಲಾ ಕೇಳಿದ್ದಳು. ಹಾಲಮ್ಮ ಸೆರಗಿಗೆ ಕೈ ಒರೆಸಿಕೊಂಡು ಹೇಳಿದ್ದಳು: "ನಮ್ಮೆಜಮಾನ್ರಿಗೆ ಹಾಕಿದ್ದ ಉಸಿರಿನ ಮಿಷನ್ ತಗೀರಿ ಅಂತ ಹೆಬ್ಬೆಟ್ಟು ಒತ್ತಿದ್ದು ಇದೇ ಕೈ ರೀ. ಎಂಟ್ ವರ್ಷ ಆತು, ಇವತ್ತಿಗೂ ನೆಟ್ಟಗೆ ನಿದ್ದಿ ಇಲ್ಲ. ನನ್ನ ತಂಗಿ ಬೆಕ್ಕು ಸತ್ರೂ ಮೂರ್ ದಿನ ಉಣ್ಣಲ್ಲ. ಅವಳ ಕೈಗೆ ಇದು ಬರೋದು ಬ್ಯಾಡ. ಪರರ ಕೈಯಾಗ ಇರ್ಲಿ."

ಆ ತಂಗಿ ಕೊಟ್ರಮ್ಮ ಈಗ ಹೊರಗಿನ ಬೆಂಚಿನ ತುದಿಯಲ್ಲಿ ಕುಳಿತಿದ್ದಳು. ಸೀರೆಗೆ ಮೆತ್ತಿದ ಜೋಳದ ಹಿಟ್ಟು ಇನ್ನೂ ಹಾಗೇ ಇತ್ತು. ಸಹಿಗೆ ಮೊದಲು ಮನೆಯವರಿಗೆ ತಿಳಿಸುವುದು ನಿಯಮ, ಒಪ್ಪಿಗೆ ಕೇಳುವುದಲ್ಲ. ಪ್ರಫುಲ್ಲಾ ಎಂದಿನ ತಣ್ಣನೆಯ ದನಿಯಲ್ಲಿ ತಿಳಿಸಿದಳು.

"ನಿಮ್ಮಕ್ಕ ಬೇಡ ಅಂದಿದ್ದಾರಮ್ಮ. ನಾವು ಅವರ ಮಾತು ನಡೆಸಬೇಕು."

ಕೊಟ್ರಮ್ಮ ತಲೆಯೆತ್ತಿದಳು. "ಬ್ಯಾಡ ಅಂದ್ಲಂತಾ? ಎಷ್ಟ್ ಸಲ ಕೇಳಿದ್ರಿ?"

"ಎಷ್ಟು ಸಲ ಅಂದ್ರೆ?"

"ನಮ್ಮಕ್ಕಗೆ ಒಂದ್ ಲೋಟ ನೀರು ಕೊಟ್ರೂ ಮೊದ್ಲು ಬ್ಯಾಡ ಅಂತಾಳ್ರೀ. ಹೋದ್ ವರ್ಷ ಕಣ್ಣಿನ ಪೊರೆ ತಗಸಾಣ ಅಂದೆ. ಬ್ಯಾಡ ಅಂದ್ಲು. ಸಂಜಿಗೆ ಕೇಳ್ದೆ, ಈ ವಯಸ್ಸಿಗೆ ಯಾಕಂದ್ಲು. ಮರುದಿನ ಕೇಳ್ದೆ, ಆಟೋ ಕರಿ ಅಂದ್ಲು."

"ಇದು ನೀರು ಕೊಡೋ ವಿಷಯ ಅಲ್ಲಮ್ಮ."

"ಅದಕ್ಕೇ ಹೇಳ್ತಿರೋದು ಮೇಡಂ. ನೀರಿಗೇ ಮೂರ್ ಸಲ ಕೇಳಬೇಕು. ಜೀವಕ್ಕೆ ಒಂದೇ ಸಲ ಕೇಳಿದ್ರೆ ಹೆಂಗ?"

ಪ್ರಫುಲ್ಲಾ ಪೆಟ್ಟಿಗೆ ಎತ್ತಿಕೊಂಡು ಎದ್ದಳು. ಆ ಹೆಂಗಸು ಅತ್ತು ಗೋಗರೆದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಅಳುವವರನ್ನು ಸಮಾಧಾನಪಡಿಸುವ ತರಬೇತಿ ಅವಳಿಗಿತ್ತು. ಈ ಪ್ರಶ್ನೆಗೆ ತರಬೇತಿ ಇರಲಿಲ್ಲ. ಪಾಲಕರ ಕೋಣೆಗೆ ಹೋಗಿ, ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ, ಡಾ. ವಿಶ್ವಂಭರರಿಗೆ ನೇರವಾಗಿ ಕರೆ ಮಾಡಿದಳು. ಗೋಡೆಯ ಗಾಜಿನ ಮೇಲೆ ಅವರ ನರೆತ ತಲೆ ಮೂಡಿತು. ಅವಳು ಹೇಳಿದ್ದನ್ನು ಕೇಳಿ ಅವರು ಸಣ್ಣಗೆ ನಕ್ಕರು.

"ಬಿಲ್ಲೆ ಮೊದಲ ಉತ್ತರವನ್ನು ಮಾತ್ರ ತೆಗೆದುಕೊಳ್ಳುತ್ತೆ. ಅದೇ ಸ್ವಂತದ ಉತ್ತರ. ಎರಡನೇ ಸಲ ಕೇಳಿದ ಮೇಲೆ ಬರೋದೆಲ್ಲ ಒತ್ತಾಯದ ಉತ್ತರ. ಅದನ್ನ ಬದಿಗೆ ಹಾಕಿಬಿಡ್ತೀವಿ."

ಬಾಗಿಲ ಬಳಿ ಕೊಟ್ರಮ್ಮ ಬಂದು ನಿಂತಿದ್ದಳು. "ಸಾರ್, ನಿಮ್ಮ ಮನಿಗೆ ಯಾರರ ಬಂದ್ರೆ, ಊಟಕ್ಕೆ ಏಳ್ರಿ ಅಂತ ಒಂದೇ ಸಲ ಅಂತೀರೇನ್ರೀ?"

ವಿಜ್ಞಾನಿ ಸ್ವಲ್ಪ ಗಲಿಬಿಲಿಗೊಂಡರು. "ಹಾಗಲ್ಲ ತಾಯಿ. ಮನೆಯವರು ಪೀಡಿಸಿ, ಹೆದರಿಸಿ, ಎಷ್ಟು ಜನ ಮುದುಕರ ಹತ್ತಿರ ಹೂಂ ಅನ್ನಿಸಿಕೊಂಡಿದ್ದಾರೆ ಗೊತ್ತಾ ನಿಮಗೆ? ಅಂಥವರನ್ನ ಕಾಪಾಡೋಕೇ ನಾನು ಆ ನಿಯಮ ಇಟ್ಟಿದ್ದು."

"ಹೆದರ್ಸೋದು ಬ್ಯಾರೆ, ಉಪಚಾರ ಮಾಡೋದು ಬ್ಯಾರೆ ಅಲ್ಲೇನ್ರೀ. ನಮ್ಮಕ್ಕ ಗಿರಾಕಿಗೋಳಿಗೆ ಹಂಗೇ ಬಡಸ್ತಾಳ. ಮೊದಲ್ನೇ ಸಲ ಸಾಕು ಅನ್ನೋದು ಸಂಕೋಚಕ್ಕೆ. ಎರಡ್ನೇ ಸಲ ಮರ್ಯಾದಿಗೆ. ಮೂರ್ನೇ ಸಲ ತಾಟಿನ ಮ್ಯಾಲೆ ಅಡ್ಡ ಕೈ ಹಿಡಿದ್ರೆ ಹೊಟ್ಟಿ ತುಂಬೇತಿ ಅಂತ. ಒಂದೇ ಸಲ ಕೇಳಿ ಒಳಗೆ ಹೋಗೋರು ನೀಡಾಕ ಮನಸಿಲ್ದೋರು ರೀ."

ಗಾಜಿನ ಆಚೆ ಕುಳಿತಿದ್ದ ವಿಶ್ವಂಭರರು, "ಬದಿಗೆ ಹಾಕಿದ್ದನ್ನ ಅಳಿಸಿಲ್ಲ. ತೆಗೆದು ಸೇರಿಸ್ತೀನಿ" ಎಂದಷ್ಟೇ ಹೇಳಿದರು. ಅವರ ದನಿಯಲ್ಲಿದ್ದ ನಗು ಇಳಿದುಹೋಗಿತ್ತು.

ಅರ್ಧ ಗಂಟೆಯಲ್ಲಿ ಎರಡು ವರ್ಷದ ಒತ್ತಾಯದ ಉತ್ತರಗಳೆಲ್ಲ ಪೆಟ್ಟಿಗೆಗೆ ಬಂದವು. ಬೇಡವೆಂದು ಆಮೇಲೆ ಉಟ್ಟ ದೀಪಾವಳಿಯ ಸೀರೆ, ಬೇಡವೆಂದು ಆಮೇಲೆ ಕುಡಿದ ಕಷಾಯ, ಬೇಡವೆಂದು ಆಮೇಲೆ ಕಿತ್ತಿಸಿದ ಹಲ್ಲು. ಎಲ್ಲವೂ ಹಾಗೇ ಇರಲಿಲ್ಲ. ಖಾನಾವಳಿ ಮುಚ್ಚು ಎಂದು ಯಾರೋ ಐದು ಸಲ ಹೇಳಿದ್ದರು, ಐದು ಸಲವೂ ಆಕೆ ಒಲ್ಲೆ ಎಂದಿದ್ದಳು. ಕಿವಿಗೆ ಶ್ರವಣಯಂತ್ರ ಹಾಕಿಸಿಕೊಳ್ಳಲು ಕೊನೆಯವರೆಗೂ ಒಪ್ಪಿರಲಿಲ್ಲ. ಮುಳ್ಳು ಅತ್ತಿತ್ತ ತೂಗಾಡಿ ನಟ್ಟನಡುವೆ, ಐವತ್ತರ ಮೇಲೆ ನಿಂತುಬಿಟ್ಟಿತು: ಬೇಕು ಬೇಡ ಎರಡೂ ಸಮ.

"ಯಂತ್ರಕ್ಕೆ ಗೊತ್ತಿರೋದು ಇಷ್ಟೇ" ಎಂದರು ವಿಶ್ವಂಭರ. "ಇನ್ನು ನೀವೇ ತೀರ್ಮಾನಿಸಬೇಕು."

ನೂರ ನಲವತ್ತು ಸಹಿಗಳಲ್ಲಿ ಒಂದೂ ತನ್ನದಾಗಿರಲಿಲ್ಲ ಎಂಬುದು ಪ್ರಫುಲ್ಲಾಳಿಗೆ ಆಗ ಹೊಳೆಯಿತು. ಅವುಗಳಲ್ಲಿ ಎಷ್ಟು ಸಂಕೋಚದ ಬೇಡಗಳಿದ್ದವೋ ಎಂಬ ಯೋಚನೆ ಬಂದಾಗ ಕುರ್ಚಿಯ ಕೈ ಹಿಡಿದುಕೊಂಡಳು. ಗಡಿಯಾರ ಮೂರೂ ಇಪ್ಪತ್ತು ತೋರಿಸುತ್ತಿತ್ತು. ಅವಳು ಹಾಲಮ್ಮನ ಹಾಸಿಗೆಯ ಬಳಿ ಹೋಗಿ ನಿಂತಳು. ಮುಖ ಒಂದು ಕಡೆಗೆ ಎಳೆದಿತ್ತು. ಬೆರಳ ತುದಿಗಳು ಕಾದ ಹಂಚು ಮುಟ್ಟಿ ಮುಟ್ಟಿ ದಡ್ಡುಗಟ್ಟಿದ್ದವು. ಇವಳಿಗೆ ಬದುಕುವ ಆಸೆ ಇದೆಯೋ ಇಲ್ಲವೋ ಪ್ರಫುಲ್ಲಾಳಿಗೆ ತಿಳಿಯಲಿಲ್ಲ. ತಿಳಿದದ್ದು ಒಂದೇ: ಎರಡನೆಯ ಸಲ ಕೇಳಬೇಕಾದರೆ ಈಕೆ ಉಳಿದಿರಬೇಕು. ಅವಳು ಶಸ್ತ್ರಚಿಕಿತ್ಸೆಗೆ ಸಹಿ ಹಾಕಿದಳು.

ಹಾಲಮ್ಮ ಬದುಕಿದಳು. ಬಲಗೈ ಹೋಯಿತು, ಮಾತು ನಿಧಾನವಾಯಿತು. ಮೂರು ತಿಂಗಳ ಮೇಲೆ ಪ್ರಫುಲ್ಲಾ ಖಾನಾವಳಿಗೆ ಹೋದಾಗ ಆಕೆ ಮೂಲೆಯ ಮಣೆಯ ಮೇಲೆ ಕುಳಿತು, ರೊಟ್ಟಿ ಬಡಿಯುತ್ತಿದ್ದ ತಂಗಿಯನ್ನು ಗದರುತ್ತಿದ್ದಳು. ಪ್ರಫುಲ್ಲಾ ಸುತ್ತುಬಳಸದೆ ಕೇಳಿದಳು: ಇನ್ನೊಮ್ಮೆ ಹೀಗಾದರೆ ಏನು ಮಾಡಲಿ?

"ಬ್ಯಾಡ ಬಿಡ್ರೀ. ಯಾಕೆ ಸುಮ್ನೆ ನಿಮಗೆಲ್ಲ ತ್ರಾಸು."

ಪ್ರಫುಲ್ಲಾ ಏನೂ ಬರೆದುಕೊಳ್ಳದೆ ಊಟ ಮಾಡಿ ಬಂದಳು. ಮುಂದಿನ ತಿಂಗಳು ಮತ್ತೆ ಹೋದಳು. ಆ ಹೊತ್ತಿಗೆ ಇಲಾಖೆಯೂ ನಿಯಮ ಬದಲಿಸಿತ್ತು. ಪಾಲಕರು ಖುದ್ದಾಗಿ ಹೋಗಬೇಕು, ನಡುವೆ ತಿಂಗಳುಗಳ ಬಿಡುವು ಕೊಟ್ಟು ಮೂರು ಸಲವಾದರೂ ಕೇಳಬೇಕು, ಆಮೇಲೆ ಬಂದ ಉತ್ತರವೇ ಉತ್ತರ. ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಈಗ ವರ್ಷ ಹಿಡಿಯತೊಡಗಿತು. ಹಾಲಮ್ಮನಿಗೆ ಮಧ್ಯಾಹ್ನದ ಗಿರಾಕಿಗಳು ಮುಗಿದ ಮೇಲೆಯೇ ಪುರಸೊತ್ತು, ಆದ್ದರಿಂದ ಪ್ರಫುಲ್ಲಾ ಕಾಯುತ್ತಾ ಬೆಳ್ಳುಳ್ಳಿ ಸುಲಿಯುವುದನ್ನು ಕಲಿತಳು. ಮೇಡಂ ಎನ್ನುತ್ತಿದ್ದ ಹಾಲಮ್ಮ ಯಾವಾಗಲೋ ಪ್ರಫುಲ್ಲಿ ಎನ್ನತೊಡಗಿದ್ದಳು. ಕೇಳುವುದು ಏನೂ ಇಲ್ಲದ ಶುಕ್ರವಾರಗಳಂದೂ ಪ್ರಫುಲ್ಲಾ ಖಾನಾವಳಿಗೆ ಹೋಗುತ್ತಿದ್ದಳು. ಹೋಗದಿದ್ದರೆ ಕೊಟ್ರಮ್ಮನ ಫೋನು ಬರುತ್ತಿತ್ತು.

ಮೂರನೆಯ ಸಲ ಕೇಳಿದ ದಿನ ಹಾಲಮ್ಮ ಬೆಳ್ಳುಳ್ಳಿಯ ಮೊರವನ್ನು ಎಡಗೈಯಿಂದ ಬದಿಗೆ ಸರಿಸಿದಳು.

"ಈ ಸಲ ನೀ ಉಳಿಸಿದ್ದು ಚಲೋ ಆತು, ಪ್ರಫುಲ್ಲಿ. ಕೊಟ್ರಿಗೆ ಒಲಿ ಒಪ್ಪಿಸ್ದೆ. ಮಸಾಲಿ ಹದ ಹೇಳ್ಕೊಟ್ಟೆ. ನಂದು ಮುಗೀತು. ಇನ್ನೊಂದ್ ಸಲ ಬಂದ್ರೆ ಬ್ಯಾಡ. ಸಂಕೋಚಕ್ಕಲ್ಲ, ಯಾರಿಗೋ ತ್ರಾಸಂತಲೂ ಅಲ್ಲ. ನನಗ ಸಾಕು. ಆದ್ರೆ ನೆಪ್ಪಿರ್ಲಿ, ಇದು ಕೊಟ್ರಿ ಕೈಗೆ ಹೋಗಬಾರ್ದು."

ಪ್ರಫುಲ್ಲಾ ಅಂದು ಅದನ್ನು ಬರೆದುಕೊಂಡಳು. ಬರೆಯುವಾಗ ಕಣ್ಣು ಮಂಜಾಯಿತು, ಒರೆಸಿಕೊಂಡಳು.

ಹೊಸ ನಿಯಮದಿಂದ ಸಂಕೋಚದ ಸಾವುಗಳು ನಿಂತವು. ಆದರೆ ವಿಶ್ವಂಭರರಾಗಲಿ ಇಲಾಖೆಯಾಗಲಿ ಎಣಿಸದ ಒಂದು ಸಂಗತಿ ತಲೆಯೆತ್ತಿತು. ಹರಿಹರದ ಪಾಲಕರೊಬ್ಬರು ತಮ್ಮ ರೋಗಿ ತೀರಿಕೊಂಡಾಗ ಹದಿನೈದು ದಿನ ರಜೆ ಕೇಳಿದರು. ಅರ್ಜಿಯಲ್ಲಿ ಕಾರಣ ಬರೆದಿರಲಿಲ್ಲ. ಇನ್ನೊಬ್ಬಳು ಕೆಲಸವನ್ನೇ ಬಿಟ್ಟಳು. ಒಬ್ಬರ ಮನಸ್ಸನ್ನು ತಿಳಿಯುವಷ್ಟು ಸಲ ಅವರ ಮನೆಯ ಹೊಸ್ತಿಲು ದಾಟಿದ ಮೇಲೆ ಹೊರಗಿನವರಾಗಿ ಉಳಿಯುವುದು ಯಾರಿಂದಲೂ ಆಗಲಿಲ್ಲ. ಕಾನೂನು ಮಾತ್ರ ಹಳೆಯದೇ ಇತ್ತು: ಪಾಲಕರು ಹೊರಗಿನವರೇ ಆಗಿರಬೇಕು.

ಮರುವರ್ಷದ ಶ್ರಾವಣದಲ್ಲಿ ಹಾಲಮ್ಮ ಮತ್ತೆ ಬಿದ್ದಳು. ಅದೇ ಆಸ್ಪತ್ರೆ, ಅದೇ ಮಹಡಿ. ವೈದ್ಯರು ಹೇಳಿದ್ದೂ ಹೆಚ್ಚುಕಡಿಮೆ ಅದೇ: ತೆರೆದರೆ ಉಳಿಯಬಹುದು. ಉಳಿಯಬಹುದು ಎಂಬ ಮಾತು ಕೇಳಿದಾಗ ಪ್ರಫುಲ್ಲಾಳಿಗೆ ಎಲ್ಲವನ್ನೂ ಮರೆತು ಹೂಂ ಎಂದುಬಿಡಬೇಕೆನ್ನಿಸಿತು. ಹಾಲಮ್ಮ ಇಲ್ಲದ ಶುಕ್ರವಾರವನ್ನು ನೆನೆಯಲು ಅವಳಿಗೆ ಆಗಲಿಲ್ಲ.

ಗುಮಾಸ್ತ ಕಾಗದ ತಂದು ಮುಂದಿಟ್ಟ. ಸಹಿಗೆ ಮೊದಲು ಪಾಲಕರು ಪ್ರಮಾಣವನ್ನು ಗಟ್ಟಿಯಾಗಿ ಓದಬೇಕು. ನೂರಕ್ಕೂ ಹೆಚ್ಚು ಸಲ ಓದಿ ಅವಳಿಗೆ ಬಾಯಿಪಾಠವಾಗಿತ್ತು. ಹೆಸರು, ಊರು, ಪರವಾನಗಿಯ ಸಂಖ್ಯೆ ಎಲ್ಲ ಸರಾಗವಾಗಿ ಬಂದವು. ಆಮೇಲೆ ಅವಳ ದನಿ ನಿಂತಿತು.

ಗುಮಾಸ್ತ ಕಾದು ನೋಡಿದ. "ಮೇಡಂ, ಮುಂದಿನ ಸಾಲು. ಅದನ್ನ ಹೇಳೋಕೆ ಆಗಲ್ಲ ಅಂದ್ರೆ ತೊಂದರೆ ಇಲ್ಲ. ನಿರ್ಧಾರ ಹತ್ತಿರದ ಬಂಧುಗಳಿಗೆ ಹೋಗುತ್ತೆ. ಅವರ ತಂಗಿ ಇಲ್ಲೇ ಇದ್ದಾರಲ್ಲ."

ಕೊಟ್ರಮ್ಮ ಬಾಗಿಲಿಗೆ ಒರಗಿ ನಿಂತಿದ್ದಳು. ಅವಳು ಪ್ರಫುಲ್ಲಾಳ ಮುಖವನ್ನೇ ನೋಡುತ್ತಿದ್ದಳು.

ಪ್ರಫುಲ್ಲಾ ಕಾಗದವನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

"ಈ ರೋಗಿಗೂ ನನಗೂ," ಎಂದು ಅವಳು ಗಟ್ಟಿಯಾಗಿ ಓದಿದಳು, "ರಕ್ತದ್ದಾಗಲಿ, ಮಮತೆಯದ್ದಾಗಲಿ, ಯಾವ ಸಂಬಂಧವೂ ಇಲ್ಲ."

ಗುಮಾಸ್ತ ತಲೆಯಾಡಿಸಿ ಸಹಿಯ ಜಾಗ ತೋರಿಸಿದ. ಶಸ್ತ್ರಚಿಕಿತ್ಸೆ ಬೇಡ ಎಂಬಲ್ಲಿ ಅವಳು ಸಹಿ ಹಾಕಿದಳು. ಆಮೇಲೆ ಹೊರಗೆ ಬಂದು ಬೆಂಚಿನ ಮೇಲೆ ಕೊಟ್ರಮ್ಮನ ಪಕ್ಕ ಕುಳಿತಳು. ಎರಡು ದಿನ ಅವಳು ಅಲ್ಲಿಂದ ಏಳಲಿಲ್ಲ.