ಬಿಲ್ಲಿನಲ್ಲಿದ್ದ ನರ್ಸ್

"ಮಿಷನ್ ಮೇಲೆ ಕೈ ಇಟ್ಟರೆ ನೋಡಿ!"

ಗಂಡನ ಎದುರು ಅವಳು ಹೀಗೆ ದನಿಯೆತ್ತಿದ್ದು ಅದೇ ಮೊದಲು. ಅತ್ತೆಯ ಆಸ್ಪತ್ರೆ ಬಿಲ್ಲಿನ ಬಾಕಿ ಕಟ್ಟಲು ಅವನು ಅವಳ ಹೊಲಿಗೆ ಯಂತ್ರವನ್ನು ಮಾರಲು ಹೊರಟಿದ್ದ. ಅಕ್ಕಪಕ್ಕದ ಮನೆಗಳ ಹೆಂಗಸರ ಬಟ್ಟೆ ಹೊಲಿದು ಅವಳು ಆ ಮನೆ ತೂಗಿಸುತ್ತಿದ್ದಳು. ಆ ಯಂತ್ರವೇ ಹೋದರೆ ನಾಳೆ ಒಲೆ ಹೊತ್ತುವುದು ಹೇಗೆ?

"ಮಾನ ಹೋಗೋದಕ್ಕಿಂತ ಮಿಷನ್ ಹೋಗ್ಲಿ," ಎಂದರು ಮಂಚದ ಮೇಲಿಂದ ಅತ್ತೆ. ಸೊಂಟದ ಆಪರೇಷನ್ ಆಗಿದ್ದರೂ ನಾಲಿಗೆಗೆ ಮಾತ್ರ ವಿಶ್ರಾಂತಿ ಇರಲಿಲ್ಲ. "ಆಸ್ಪತ್ರೆಯವ್ರ ಹತ್ರ ಯಾರಾದ್ರೂ ಚೌಕಾಸಿ ಮಾಡ್ತಾರಾ?"

"ಚೌಕಾಸಿ ಅಲ್ಲ ಅತ್ತೆ. ಯಾವುದಕ್ಕೆ ಎಷ್ಟು ಅಂತ ಬಿಡಿಸಿ ಬರೆದ ಬಿಲ್ ಕೇಳೋದು ರೋಗಿಯ ಹಕ್ಕು. ಅವರದೇ ಗೋಡೆ ಮೇಲೆ ಬರೆದು ಹಾಕಿದಾರೆ."

ಗಾಯದ ಹೊಲಿಗೆ ಬಿಚ್ಚಿಸಲು ಹೋದ ದಿನ ಅವಳು ಅತ್ತೆಯ ಗಾಲಿಕುರ್ಚಿಯನ್ನು ನೇರವಾಗಿ ಬಿಲ್ ಕೌಂಟರಿಗೇ ತಳ್ಳಿದಳು. ಅತ್ತೆಯ ಮಗಳು, ಅವಳ ನಾದಿನಿ, ಮುಖ ಸಿಂಡರಿಸಿಕೊಂಡು ಹಿಂದೆ ಬಂದಳು. ಪಟ್ಟು ಹಿಡಿದ ಮೇಲೆ ವಿವರವಾದ ಬಿಲ್ ಕೈಗೆ ಬಂತು. ಅರ್ಧಕ್ಕರ್ಧ ಹಣ ಒಂದೇ ಸಾಲಿನಲ್ಲಿತ್ತು: ಹಗಲೂ ರಾತ್ರಿ ರೋಗಿಯ ಪಕ್ಕದಲ್ಲಿದ್ದ ವಿಶೇಷ ನರ್ಸ್!

ಯಾವ ನರ್ಸ್? ಮೈ ಒರೆಸಿದ್ದು, ಮಗ್ಗುಲು ತಿರುಗಿಸಿದ್ದು, ಬೆಡ್‌ಪ್ಯಾನ್ ತೊಳೆದದ್ದು... ಎಲ್ಲ ಅವಳೇ ಅಲ್ಲವೇ!

"ನಿಮ್ಮತ್ತೇನೇ ಹೇಳಿದಾರಲ್ಲಮ್ಮ," ಎಂದ ಗುಮಾಸ್ತ. "ವಾರ್ಡಿಗೆ ಬಂದ ಮ್ಯಾನೇಜರ್ ಎದುರಿಗೇ, ಸ್ಪೆಷಲ್ ನರ್ಸ್ ಇದಾಳೆ, ಚೆನ್ನಾಗಿ ನೋಡ್ಕೋತಾಳೆ ಅಂತ."

ಅವಳಿಗೆ ಎಲ್ಲ ಅರ್ಥವಾಯಿತು. ಆ ಹೊತ್ತು ಅವಳು ಔಷಧಿ ತರಲು ಹೋಗಿದ್ದಳು, ನೆಂಟರು ಮಂಚದ ಸುತ್ತ ಕೂತಿದ್ದರು. ತಾವು ಒಪ್ಪದಿದ್ದರೂ ಮಗ ಕಟ್ಟಿಕೊಂಡು ಬಂದ ಸೊಸೆಯ ಕೈಲಿ ಸೇವೆ ಮಾಡಿಸಿಕೊಳ್ಳುತ್ತಿದ್ದೇನೆ ಎನ್ನಲು ಅತ್ತೆಗೆ ಬಾಯಿ ಬಂದಿರಲಿಲ್ಲ. ಇಲ್ಲದ ನರ್ಸನ್ನು ಹುಟ್ಟಿಸಿ ಜಂಬ ಕೊಚ್ಚಿಕೊಂಡಿದ್ದರು.

"ಹಾಗಾದ್ರೆ ಆ ನರ್ಸ್ ಹೆಸರು ಹೇಳಿ, ಡ್ಯೂಟಿ ಸಹಿ ತೋರ್ಸಿ. ಇಲ್ದಿದ್ರೆ ಈ ದುಡ್ಡು ಕಟ್ಟಲ್ಲ. ದೂರು ಕೊಡ್ತೀನಿ."

ಗುಮಾಸ್ತ ಪುಟ ತಿರುವಿದ. ಸಹಿ ಇರಲಿಲ್ಲ. "ರೋಗಿ ಬಾಯಲ್ಲಿ ಬರ್ಲಿ, ತೆಗೀತೀವಿ," ಎಂದು ಗೊಣಗಿದ.

"ಅಮ್ಮಾ, ಸುಮ್ನಿರು! ನೆಂಟರ ಮುಂದೆ ನಗೆಪಾಟಲಾಗುತ್ತೆ," ಎಂದಳು ನಾದಿನಿ.

ಅವಳು ಗಾಲಿಕುರ್ಚಿಯ ಮುಂದೆ ಕುಕ್ಕರಿಸಿದಳು. "ಅತ್ತೆ, ನನ್ನ ವಿಷಯ ಎತ್ತೋದೇ ಬೇಡ. ನರ್ಸ್ ಇರ್ಲಿಲ್ಲ ಅಂದ್ರೆ ಸಾಕು..."

ಅತ್ತೆ ಅವಳ ಭುಜ ಹಿಡಿದು ಗುಮಾಸ್ತನ ಕಡೆ ತಿರುಗಿದರು.

"ಸಾಕಾಗಲ್ಲ ಕಣೇ... ನರ್ಸ್ ಇರ್ಲಿಲ್ಲಪ್ಪ, ನಾನು ಸುಳ್ಳು ಹೇಳ್ದೆ. ನನ್ನ ಹೇಸಿಗೆಯೆಲ್ಲ ಬಳಿದೋಳು ಇವಳು... ನನ್ನ ಸೊಸೆ! ಯಾರು ಬೇಕಾದ್ರೂ ಕೇಳಿಸ್ಕೊಳ್ಲಿ!"

ಗುಮಾಸ್ತ ಆ ಸಾಲನ್ನು ಹೊಡೆದುಹಾಕಿ ಸಹಿ ಮಾಡಿದ. ಅವಳಿಗೆ ಅಳು ಒತ್ತರಿಸಿ ಬಂತು. ಬಿಲ್ಲಿನ ಅಕ್ಷರಗಳೇ ಕಾಣದಾದವು.

"ಅಳೋದು ಆಮೇಲೆ," ಎಂದರು ಅತ್ತೆ, ಸೆರಗಿನಿಂದ ಅವಳ ಕಣ್ಣೊರೆಸಿ. "ಉಳಿದ ಸಾಲುಗಳನ್ನೂ ಓದು. ಜೋರಾಗಿ ಓದು, ನಾನೂ ಕೇಳ್ತೀನಿ."