ದವಡೆಗೆ ಮೂಡಿದ ಗದ್ದ

"ಏಳನೇ ಕ್ಲಾಸಿಗೇ ಸ್ಕೂಲ್ ಬಿಟ್ಟೋನ ಕೈಗೆ ನಿಯಾಂಡರ್ತಲ್ ಮನುಷ್ಯನ ದವಡೆ ಕೊಟ್ಟಿದ್ದೇ ತಪ್ಪು. ಇವನಿಗೆ ಎಲುಬೂ ಒಂದೇ, ಸೌದೆ ತುಂಡೂ ಒಂದೇ!"

ವಸ್ತುಸಂಗ್ರಹಾಲಯದ ಡೈರೆಕ್ಟರ್ ಇದನ್ನು ಹೇಳಿದ್ದು ಎಲ್ಲರ ಎದುರಿಗೆ. ರಸ್ತೆ ಇಲಾಖೆಯಿಂದ ವರ್ಗವಾಗಿ ಬಂದು ಹದಿನೈದೇ ದಿನವಾಗಿತ್ತು ಆಸಾಮಿಗೆ. ಗೈಡ್ ಅಕ್ಕ ತಲೆ ತಗ್ಗಿಸಿದಳು. ಗುಡಿಸುವವನು ತನ್ನ ಪೊರಕೆಯನ್ನೇ ನೋಡುತ್ತ ನಿಂತ. ಬೈಸಿಕೊಂಡವನು ಎಲುಬುಗಳ ಪ್ಲಾಸ್ಟರ್ ನಕಲು ತೆಗೆಯುವ ಅಚ್ಚುಗಾರ; ಅವನ ಮೈಯೆಲ್ಲ ಉರಿದುಹೋಯಿತು.

ಆಗಿದ್ದಿಷ್ಟು. ಬೆಳಗ್ಗೆ ಗೈಡ್ ಅಕ್ಕ ಪೆಟ್ಟಿಗೆ ತೆರೆದರೆ, ಹತ್ತಿಯ ಮೇಲಿದ್ದ ಕೆಳದವಡೆಗೆ ಚೂಪಾದ ಗದ್ದವಿತ್ತು. ನಿಯಾಂಡರ್ತಲ್ ಜನಕ್ಕೆ ಗದ್ದವೇ ಇರಲಿಲ್ಲವೆಂದು ಶಾಲೆಮಕ್ಕಳಿಗೆ ದಿನಕ್ಕೆ ಹತ್ತು ಸಲ ಹೇಳುವವಳು ಅವಳು. "ಅಯ್ಯೋ, ಇದು ನಮ್ಮಂಥೋರ ದವಡೆ! ಯಾರೋ ಅದಲುಬದಲು ಮಾಡಿದಾರೆ!" ಎಂದು ಕಿರುಚಿದ್ದಳು. ಸಹಿ ಹಾಕಿ ಕೊನೆಗೆ ಅದನ್ನು ಒಯ್ದವನು ಅಚ್ಚುಗಾರ. ಸೋಮವಾರ ಅಚ್ಚು ತೆಗೆದು ಮರಳಿ ಇಟ್ಟಿದ್ದ.

ಇಟ್ಟಾಗ ಗದ್ದವಿರಲಿಲ್ಲ. ಇರಲಿಲ್ಲ ತಾನೇ? ಅವನಿಗೇ ಅನುಮಾನ ಹತ್ತಿತು. ಆ ದವಡೆಯ ಹನ್ನೊಂದು ಅಚ್ಚು ತೆಗೆದ ಕೈ ಅವನದು. ಸವೆದ ಹಲ್ಲು ಅದೇ, ಎಡಬದಿಯ ಬಿರುಕೂ ಅದೇ. ಗದ್ದ ಮಾತ್ರ ಎಲ್ಲಿಂದ ಬಂತು? ಎಲುಬಿಗೆ ಗದ್ದ ಮೊಳೆಯಿತೆಂದರೆ ಯಾವ ಪೊಲೀಸ್ ನಂಬಿಯಾನು?

"ಸಾಯಂಕಾಲದೊಳಗೆ ಅಸಲಿ ದವಡೆ ಬರ್ಬೇಕು. ಇಲ್ಲಾಂದ್ರೆ ಜೈಲಿಗೆ ಹೊರಡು," ಎಂದ ಡೈರೆಕ್ಟರ್.

ಅಚ್ಚುಗಾರ ಹಿಂಬದಿಯ ಕೋಣೆಗೆ ಓಡಿದ. ಅಲ್ಲಿ ಉಗ್ರಾಣದ ದೊಡ್ಡಮ್ಮನ ವಾಸ. ಮೂವತ್ತು ವರ್ಷಗಳಿಂದ ಇಲ್ಲಿ ಏನೇ ಕಾಣೆಯಾದರೂ ಪತ್ತೆ ಹಚ್ಚಿದವಳು ಅವಳು. ಅವಳ ಬಾಲ ಹಿಡಿದು ಓಡಾಡಿದವನು ಇವನು.

"ಕೂಗಾಡ್ಬೇಡ ಕಣೋ. ಮೊದ್ಲು ಅದರ ಮೋರೆ ನೋಡೋಣ."

ಬಂದವಳು ಗದ್ದವನ್ನು ಮುಟ್ಟಲೇ ಇಲ್ಲ. ಕೊನೆಯ ಹಲ್ಲಿಗೂ ಅದರ ಹಿಂದೆ ಮೇಲೇಳುವ ಎಲುಬಿಗೂ ನಡುವೆ ಪೆನ್ಸಿಲ್ ತೂರಿಸಿದಳು. ಸಲೀಸಾಗಿ ತೂರಿತು. ಆಮೇಲೆ ನೆಲ ನೋಡಿ ಗುಡಿಸುವವನನ್ನು ಕರೆದಳು.

"ಇಲ್ಲಿ ಯಾಕೋ ಇಷ್ಟು ಧೂಳು?"

"ಸಾಹೇಬ್ರು ಮಂಗಳವಾರದಿಂದ ಇಲ್ಲಿ ಪೊರಕೆ ಆಡಿಸಬೇಡ ಅಂದಿದಾರೆ ದೊಡ್ಡಮ್ಮ. ಅವತ್ತು ಟಾರ್ಚ್ ಹಿಡ್ಕೊಂಡು ಮೇಜಿನ ಕೆಳಗೆ ಅಂಬೆಗಾಲಿಡ್ತಾ ಇದ್ರು."

"ಬಿರುಕಿಗೆ ಮೆತ್ತೋ ನನ್ನ ಪುಟ್ಟಿ ಡಬ್ಬಾನೂ ನಿನ್ನೆಯಿಂದ ಅರ್ಧ ಖಾಲಿ," ಎಂದ ಅಚ್ಚುಗಾರ. "ಆದ್ರೆ ಧೂಳಿಗೂ ಕಳ್ಳತನಕ್ಕೂ ಏನು ಸಂಬಂಧ? ನಂಗೆ ತಲೆಬುಡ ಅರ್ಥ ಆಗ್ತಿಲ್ಲ."

"ಕಳ್ಳತನ ಆಯ್ತು ಅಂದೋರು ಯಾರು? ಎಲ್ಲರನ್ನೂ ಕರಿ."

ಎಲ್ಲರೂ ಮೇಜಿನ ಸುತ್ತ ನಿಂತಾಗ ದೊಡ್ಡಮ್ಮ ಪೆನ್ಸಿಲ್ ಎತ್ತಿದಳು. "ನಮಗೂ ಅವರಿಗೂ ಮೂಲ ಒಂದೇ. ಕವಲೊಡೆದ ಮೇಲೆ ಅವರ ಮುಖ ಮುಂದಕ್ಕೆ ಚಾಚ್ತು, ಹಲ್ಲಿನ ಸಾಲೂ ಜೊತೇಲಿ ಹೋಯ್ತು. ಅದಕ್ಕೇ ಹಿಂದೆ ಇಷ್ಟು ಜಾಗ. ನಮ್ಮ ಮುಖ ಚಿಕ್ಕದಾಗಿ ಒಳಗೆ ಸರೀತು, ಗದ್ದ ಎದ್ದು ಕಾಣ್ತು. ಈ ದವಡೇಲಿ ಎರಡೂ ಇವೆ. ಜಾಗ ಅಂಟಿಸೋಕಾಗಲ್ಲ. ಗದ್ದ ಅಂಟಿಸಬಹುದು."

ಪುಟ್ಟಿ ಕರಗಿಸುವ ಅಸಿಟೋನ್‌ನಲ್ಲಿ ನೆನೆಸಿದ ಹತ್ತಿಯನ್ನು ಗದ್ದಕ್ಕೆ ಒತ್ತಿದಳು. ಗದ್ದ ಮೆತ್ತಗಾಗಿ ಕಳಚಿ ಬಂತು. ಅಡಿಯಲ್ಲಿ ಕಂದು ಎಲುಬು, ಹಿಂದಕ್ಕೆ ಜಾರಿದ ಇಳಿಜಾರು. ಮುರಿದ ಗುರುತೇ ಇಲ್ಲ.

"ಇವನು ಹನ್ನೊಂದು ಸಲ ಅಚ್ಚು ತೆಗೆದೋನು, ಗೈಡ್ ದಿನಾ ಪಾಠ ಹೇಳೋಳು. ಇಬ್ಬರೂ ಗದ್ದ ಅಂಟಿಸಲ್ಲ. ಎಲ್ಲಾ ದವಡೆಗೂ ಗದ್ದ ಇರತ್ತೆ ಅಂದ್ಕೊಂಡೋನೇ ಅಂಟಿಸಬೇಕು. ನಿಮ್ಮ ಕೈ ಜಾರಿ ದವಡೆ ಬಿತ್ತು, ಎತ್ತಿ ನೋಡಿದ್ರೆ ಗದ್ದ ಇಲ್ಲ! ಮುರೀತು ಅಂತ ಗಾಬರಿಯಾಗಿ, ಇಲ್ಲದ ಚೂರು ಕಸದ ಜೊತೆ ಹೋದೀತು ಅಂತ ಪೊರಕೆ ನಿಲ್ಲಿಸಿ, ಟಾರ್ಚ್ ಹಾಕಿ ಹುಡುಕಿದಿರಿ. ಅಲ್ವಾ ಸಾಹೇಬ್ರೇ?"

ಡೈರೆಕ್ಟರ್ ಕುರ್ಚಿ ಹಿಡಿದುಕೊಂಡ. "ಎರಡು ದಿನ ಹುಡುಕಿದೆ ದೊಡ್ಡಮ್ಮ..."

"ಹುಡುಕಿ, ಪುಟ್ಟಿ ಮೆತ್ತಿದಿರಿ. ಅದೂ ಹೋಗ್ಲಿ. ಬೆಳಗ್ಗೆ ಗೈಡ್ ಕೂಗಿದಾಗ ನಿಮಗೆ ನಿಜ ತಿಳೀತು. ಆಗ ಬಾಯಿ ಬಿಡ್ಬೇಕಿತ್ತು. ಬಿಟ್ಟಿರಿ, ಇವನ ಮೇಲೆ."

ಡೈರೆಕ್ಟರ್ ಅಚ್ಚುಗಾರನತ್ತ ತಿರುಗಿ ಹಲ್ಲು ಕಿರಿದ. "ಏನೋ ಬಾಯಿಗೆ ಬಂದಿದ್ದು ಅಂದ್ಬಿಟ್ಟೆ, ಮನಸ್ಸಿಗೆ ಹಚ್ಕೋಬೇಡಪ್ಪ. ಪುಟ್ಟಿ ಕಲೆ ಇನ್ನೂ ಉಳಿದಿದೆ, ನಿನ್ನ ಕೈಯಲ್ಲೇ ಹೋಗ್ಬೇಕು. ತೆಗೀತೀಯಲ್ಲ?"

ಅಚ್ಚುಗಾರ ಕೆಲಸಕ್ಕೆಂದು ಮಡಚಿದ್ದ ಅಂಗಿಯ ತೋಳು ಇಳಿಸಿ ಗುಂಡಿ ಹಾಕಿಕೊಂಡ. ಎಲ್ಲರೂ ಅವನ ಬಾಯನ್ನೇ ನೋಡುತ್ತಿದ್ದರು. ಅವನು ಮೇಜನ್ನು ಸುತ್ತಿ, ಡೈರೆಕ್ಟರನ ಮಗ್ಗುಲಲ್ಲೇ ಹಾದು, ಬಾಗಿಲು ದಾಟಿ ನಡೆದುಬಿಟ್ಟ.